ಶಾಲಾ ಮಕ್ಕಳ ಆನ್‌ಲೈನ್ ಸುರಕ್ಷತೆ: ಲ್ಯಾಬಿನಿಂದ ಸ್ಟಾಫ್ ರೂಮಿನವರೆಗೆ ಮಾಡಬೇಕಾದ ಕೆಲಸಗಳು

ನಮ್ಮ ಬಹುಪಾಲು ಪ್ರೌಢಶಾಲೆಗಳಲ್ಲಿ ಮಕ್ಕಳು ಮೊಬೈಲ್ ತರುವ ಹಾಗಿಲ್ಲ. ಹಾಗಾಗಿ ಆನ್‌ಲೈನ್ ಸುರಕ್ಷತೆ ಮನೆಯವರ ತಲೆನೋವು ಅಂತ ಶಾಲೆ ಸುಮ್ಮನಾಗಿಬಿಡುತ್ತದೆ. ಆದರೆ ಕ್ಲಾಸಿನ ವಾಟ್ಸಾಪ್ ಗ್ರೂಪು ಮಾಡಿದ್ದು ಶಾಲೆ. ಆ ಗ್ರೂಪಿನಿಂದಲೇ ಯಾರೋ ಒಬ್ಬ ಹುಡುಗಿಯ ನಂಬರ್ ಎತ್ತಿಕೊಳ್ಳುತ್ತಾನೆ. ವಾರ್ಷಿಕೋತ್ಸವದ ಫೋಟೊವನ್ನು ಹೆಸರು, ಕ್ಲಾಸು, ಊರಿನ ಸಮೇತ ಫೇಸ್‌ಬುಕ್‌ಗೆ ಹಾಕಿದ್ದೂ ಶಾಲೆಯೇ. ರಾತ್ರಿ ಇನ್‌ಸ್ಟಾಗ್ರಾಮ್‌ನಲ್ಲಿ ಶುರುವಾದ ಜಗಳ ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಶಾಲೆ ಅಂಗಳಕ್ಕೆ ಬಂದಿರುತ್ತದೆ.

ಈ ಬರಹ ಹೆಡ್‌ಮಾಸ್ಟರ್‌ಗಳಿಗೆ, ಕ್ಲಾಸ್ ಟೀಚರ್‌ಗಳಿಗೆ, ಲ್ಯಾಬ್ ನೋಡಿಕೊಳ್ಳುವವರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಿಗೆ. ಒಂದು ಮಾತು ಮೊದಲೇ ಹೇಳುತ್ತೇನೆ. ಫಿಲ್ಟರ್ ಹಾಕೋದು ಅರ್ಧ ದಿನದ ಕೆಲಸ. ತೊಂದರೆಯಲ್ಲಿ ಸಿಕ್ಕಿಕೊಂಡ ಮಗು ಹೆದರದೆ ನಮ್ಮ ಹತ್ತಿರ ಬಂದು ಹೇಳುವ ಹಾಗೆ ಮಾಡೋದು ವರ್ಷವಿಡೀ ಮಾಡಬೇಕಾದ ಕೆಲಸ. ಮಕ್ಕಳು ಬಾಯಿ ಬಿಡದಿರಲು ದೊಡ್ಡ ಕಾರಣ ಒಂದೇ: ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ, ಸ್ಕೂಲು ಬಿಡಿಸುತ್ತಾರೆ ಅನ್ನೋ ಭಯ. ಕೆಳಗಿನ ಪ್ರತಿ ಕೆಲಸ ಮಾಡುವಾಗಲೂ ಈ ಭಯ ಹೆಚ್ಚುತ್ತದೋ ಕಡಿಮೆಯಾಗುತ್ತದೋ ಅಂತ ನೋಡಿಕೊಳ್ಳಿ.

ಹೆಜ್ಜೆ 1: ಶಾಲೆಯಲ್ಲಿ ಏನೇನಿದೆ ಅಂತ ಪಟ್ಟಿ ಮಾಡಿ

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂದು ಮಧ್ಯಾಹ್ನ ಸಾಕು. ಒಂದು ನೋಟ್‌ಬುಕ್ ಹಿಡಿದು ಓಡಾಡಿ. ಲ್ಯಾಬಿನಲ್ಲಿ ಎಷ್ಟು ಕಂಪ್ಯೂಟರ್, ಯಾವುದರಲ್ಲಿ ಇಂಟರ್ನೆಟ್ ಇದೆ? ವೈಫೈ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು? ಶಾಲೆಯ ಹೆಸರಿನಲ್ಲಿ ಎಷ್ಟು ವಾಟ್ಸಾಪ್ ಗ್ರೂಪುಗಳಿವೆ, ಅವುಗಳ ಅಡ್ಮಿನ್ ಯಾರು? ಫೇಸ್‌ಬುಕ್ ಪುಟ ಅಥವಾ ಯೂಟ್ಯೂಬ್ ಚಾನೆಲ್ ಯಾರ ಸ್ವಂತ ಜಿಮೇಲ್‌ನಲ್ಲಿದೆ? ಮಕ್ಕಳ ಆಧಾರ್ ಪ್ರತಿಗಳು ಯಾರ ಫೋನಿನ ಗ್ಯಾಲರಿಯಲ್ಲಿ ಕೂತಿವೆ?

ಲ್ಯಾಬಿನ ಪ್ರತಿ ಕಂಪ್ಯೂಟರಿನ ಬ್ರೌಸರ್ ತೆರೆದು ನೋಡಿ. ಎಷ್ಟೋ ಕಡೆ ಯಾವುದೋ ಟೀಚರ್‌ನ ಜಿಮೇಲ್ ಲಾಗಿನ್ ಆಗಿಯೇ ಇರುತ್ತದೆ, ಪಾಸ್‌ವರ್ಡ್‌ಗಳೂ ಸೇವ್ ಆಗಿರುತ್ತವೆ. ಆಫೀಸಿನ ಮೇಜಿನ ಗಾಜಿನ ಕೆಳಗೆ ಮಕ್ಕಳ ವಿವರ ತುಂಬುವ ಸರ್ಕಾರಿ ಪೋರ್ಟಲ್‌ಗಳಾದ ಸ್ಯಾಟ್ಸ್‌ನದೋ ಯುಡೈಸ್‌ನದೋ ಪಾಸ್‌ವರ್ಡ್ ಬರೆದ ಚೀಟಿ ಇದ್ದರೆ ಅದನ್ನೂ ಪಟ್ಟಿಗೆ ಸೇರಿಸಿ. ಮಕ್ಕಳ ಹೆಸರು, ಹುಟ್ಟಿದ ದಿನ, ವಿಳಾಸ, ಪೋಷಕರ ನಂಬರ್ ಎಲ್ಲ ಇರುವುದು ಅಲ್ಲೇ ತಾನೆ?

ಈ ಪಟ್ಟಿಯೇ ಮುಂದಿನ ಎಲ್ಲ ಕೆಲಸಕ್ಕೂ ಆಧಾರ.

ಹೆಜ್ಜೆ 2: ಲ್ಯಾಬ್ ಮತ್ತು ಸ್ಮಾರ್ಟ್ ಕ್ಲಾಸ್ ಭದ್ರ ಮಾಡಿ

ದುಡ್ಡು ಖರ್ಚು ಮಾಡುವ ಅಗತ್ಯ ಇಲ್ಲ. ಪ್ರತಿ ಕಂಪ್ಯೂಟರಿನಲ್ಲಿ ಮಕ್ಕಳಿಗೆ ಬೇರೆ ಖಾತೆ ಮಾಡಿ. ವಿಂಡೋಸ್‌ನಲ್ಲಿ ಅದು ಸ್ಟ್ಯಾಂಡರ್ಡ್ ಯೂಸರ್ ಆಗಿರಲಿ. ಅಡ್ಮಿನ್ ಪಾಸ್‌ವರ್ಡ್ ಲ್ಯಾಬ್ ಟೀಚರ್ ಮತ್ತು ಎಚ್‌ಎಂ ಇಬ್ಬರ ಹತ್ತಿರ ಮಾತ್ರ ಇರಲಿ. ಆಗ ಮಕ್ಕಳು ಹೊಸ ಸಾಫ್ಟ್‌ವೇರ್ ಹಾಕಲು, ಸೆಟ್ಟಿಂಗ್ ಬದಲಿಸಲು ಹೋದರೆ ಅಲ್ಲೇ ನಿಲ್ಲುತ್ತದೆ.

ಆಮೇಲೆ ರೌಟರ್‌ಗೆ ಬನ್ನಿ. ಅದರ ಸೆಟ್ಟಿಂಗ್ ಪುಟದಲ್ಲಿ ಡಿಎನ್‌ಎಸ್ ಅಂತ ಒಂದು ಜಾಗ ಇರುತ್ತದೆ. ನಾವು ಟೈಪ್ ಮಾಡಿದ ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ ಅದು. ಅಲ್ಲಿ 1.1.1.3 ಮತ್ತು 1.0.0.3 ಅಂತ ಹಾಕಿ. ಇದು ಕ್ಲೌಡ್‌ಫ್ಲೇರ್ ಕಂಪನಿ ಕುಟುಂಬಗಳಿಗಾಗಿ ಉಚಿತವಾಗಿ ಕೊಡುವ ಸೇವೆ. ಅಶ್ಲೀಲ ಸೈಟುಗಳನ್ನು, ವೈರಸ್ ಹರಡುವ ಸೈಟುಗಳನ್ನು ಇದು ತಡೆಯುತ್ತದೆ. ರೌಟರ್‌ನಲ್ಲಿ ಒಮ್ಮೆ ಹಾಕಿದರೆ ಅದಕ್ಕೆ ಜೋಡಿಸಿದ ಎಲ್ಲ ಕಂಪ್ಯೂಟರಿಗೂ ಅನ್ವಯಿಸುತ್ತದೆ. ಕೆಲವು ಇಂಟರ್ನೆಟ್ ಕಂಪನಿಗಳು ರೌಟರ್‌ಗೆ ಬೀಗ ಹಾಕಿಟ್ಟಿರುತ್ತವೆ. ಆಗ ಅವರ ಕಡೆಯ ಹುಡುಗನನ್ನೇ ಕರೆಸಿ ಮಾಡಿಸಿ. ರೌಟರ್‌ನ ಸ್ವಂತ ಪಾಸ್‌ವರ್ಡ್ ಅಡ್ಮಿನ್ ಅಂತಲೇ ಉಳಿದಿದ್ದರೆ ಅದನ್ನೂ ಆಗಲೇ ಬದಲಿಸಿ.

ಇದರಲ್ಲಿ ಒಂದು ಕಳ್ಳದಾರಿ ಇದೆ. ಕ್ರೋಮ್ ಬ್ರೌಸರಿನ ಸೆಕ್ಯೂರಿಟಿ ಸೆಟ್ಟಿಂಗ್‌ನಲ್ಲಿ ಸೆಕ್ಯೂರ್ ಡಿಎನ್‌ಎಸ್ ಅಂತ ಇರುತ್ತದೆ. ಅಲ್ಲಿ ಯಾರಾದರೂ ಬೇರೆ ಸೇವೆ ಆರಿಸಿಟ್ಟರೆ ರೌಟರಿನ ಫಿಲ್ಟರ್ ಕೆಲಸಕ್ಕೆ ಬರುವುದಿಲ್ಲ. ಹತ್ತನೇ ಕ್ಲಾಸಿನ ಒಬ್ಬ ಹುಡುಗನಿಗಾದರೂ ಇದು ಗೊತ್ತಿರುತ್ತದೆ ಅಂತಲೇ ಇಟ್ಟುಕೊಳ್ಳಿ. ಆಗಾಗ ತೆರೆದು ನೋಡುತ್ತಿರಿ.

ಗೂಗಲ್‌ನಲ್ಲಿ ಸೇಫ್‌ಸರ್ಚ್ ಅನ್ನು ಫಿಲ್ಟರ್ ಆಯ್ಕೆಗೆ ಇಡಿ. ಯೂಟ್ಯೂಬ್‌ನಲ್ಲಿ ರಿಸ್ಟ್ರಿಕ್ಟೆಡ್ ಮೋಡ್ ಹಾಕಿ. ಅದು ಕಾಮೆಂಟುಗಳನ್ನೂ ಮರೆಮಾಡುತ್ತದೆ, ಅದೊಂದೇ ದೊಡ್ಡ ಲಾಭ. ಬ್ರೌಸರಿನ ಕುಕೀಸ್ ಅಳಿಸಿದರೆ ಈ ಮೋಡ್ ಹೋಗಿಬಿಡಬಹುದು, ಗಮನ ಇರಲಿ. ಇನ್ನು ಕಂಪ್ಯೂಟರ್‌ಗಳನ್ನು ಗೋಡೆಗೆ ಸೇರಿಸಿ ಇಡಿ. ಕೋಣೆ ಮಧ್ಯೆ ನಿಂತ ಟೀಚರ್‌ಗೆ ಎಲ್ಲ ಪರದೆ ಕಾಣಬೇಕು. ಎಷ್ಟೇ ಫಿಲ್ಟರ್ ಹಾಕಿದರೂ ಈ ಸಾಲು ಬದಲಿಸುವುದರಿಂದ ಆಗುವಷ್ಟು ಉಪಯೋಗ ಬೇರೆ ಯಾವುದರಿಂದಲೂ ಆಗದು.

ಸ್ಮಾರ್ಟ್ ಕ್ಲಾಸಿನಲ್ಲಿ ತೊಂದರೆ ಬರುವುದು ಸಾಮಾನ್ಯವಾಗಿ ನಮ್ಮಿಂದಲೇ. ಪ್ರೊಜೆಕ್ಟರ್ ಹಚ್ಚಿದ ಲ್ಯಾಪ್‌ಟಾಪಿನಲ್ಲಿ ಟೀಚರ್‌ನ ವಾಟ್ಸಾಪ್ ವೆಬ್ ತೆರೆದಿರುತ್ತದೆ, ಪಾಠದ ನಡುವೆ ಯಾರದೋ ಮೆಸೇಜು ನಲವತ್ತು ಮಕ್ಕಳ ಮುಂದೆ ಬೀಳುತ್ತದೆ. ಪಾಠಕ್ಕೆ ಬೇರೆಯೇ ಬ್ರೌಸರ್ ಪ್ರೊಫೈಲ್ ಇಟ್ಟುಕೊಳ್ಳಿ. ಯೂಟ್ಯೂಬ್ ಆಟೊಪ್ಲೇ ಆಫ್ ಮಾಡಿ. ವಿಡಿಯೊ ಕೊನೆಯವರೆಗೂ ಮೊದಲೇ ನೋಡಿರಿ.

ಹೆಜ್ಜೆ 3: ವಾಟ್ಸಾಪ್ ಗ್ರೂಪುಗಳನ್ನು ಸರಿ ಮಾಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಸರಿ ಮಾಡಬೇಕಾದದ್ದು ಇದು. ಕ್ಲಾಸ್ ಗ್ರೂಪಿನಲ್ಲಿ ಮಕ್ಕಳ ನಂಬರ್ ಬೇಡ, ಪೋಷಕರ ನಂಬರ್ ಇರಲಿ. ಗ್ರೂಪ್ ಸೆಟ್ಟಿಂಗ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಿ. ಗುಡ್ ಮಾರ್ನಿಂಗ್ ಹೂವುಗಳ ಕಾಟವೂ ತಪ್ಪುತ್ತದೆ.

ಆದರೂ ಮಾಮೂಲಿ ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಇದಕ್ಕೆ ವಾಟ್ಸಾಪ್‌ನಲ್ಲೇ ಇರುವ ಕಮ್ಯೂನಿಟಿ ಬಳಸಿ. ಅದರ ಅನೌನ್ಸ್‌ಮೆಂಟ್ ಗ್ರೂಪಿನಲ್ಲಿ ಒಬ್ಬ ಸದಸ್ಯರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಅಡ್ಮಿನ್‌ಗೆ ಮಾತ್ರ ಕಾಣುತ್ತದೆ. ಎಷ್ಟೋ ಮನೆಗಳಲ್ಲಿ ಅಮ್ಮನ ಫೋನೇ ಮಗಳ ಫೋನೂ ಹೌದು, ಡಿಪಿಯಲ್ಲಿ ಮಗಳ ಫೋಟೊವೇ ಇರುತ್ತದೆ. ಹಾಗಿರುವಾಗ ನಂಬರ್ ಮುಚ್ಚಿಡುವುದು ಸಣ್ಣ ವಿಷಯ ಅಲ್ಲ.

ಟೀಚರ್ ಮತ್ತು ಮಗುವಿನ ನಡುವೆ ಖಾಸಗಿ ಚಾಟ್ ಬೇಡ. ಮಕ್ಕಳಿರುವ ಗ್ರೂಪು ಬೇಕೇಬೇಕು ಅಂದರೆ, ಕ್ವಿಜ್ ತಂಡಕ್ಕೋ ಕಬಡ್ಡಿ ತಂಡಕ್ಕೋ, ಅದರಲ್ಲಿ ಇಬ್ಬರು ಶಿಕ್ಷಕರಿರಲಿ, ಒಬ್ಬರು ಮಹಿಳೆ ಆಗಿರಲಿ. ರಾತ್ರಿ ಇಷ್ಟು ಗಂಟೆ ಮೇಲೆ ಮೆಸೇಜ್ ಇಲ್ಲ ಅಂತ ಸ್ಟಾಫ್ ಮೀಟಿಂಗ್‌ನಲ್ಲೇ ತೀರ್ಮಾನಿಸಿ, ರಿಜಿಸ್ಟರ್‌ನಲ್ಲಿ ಬರೆದು ಸಹಿ ಹಾಕಿಸಿ. ಒಳ್ಳೆಯ ಮೇಷ್ಟ್ರಿಗೂ ಈ ನಿಯಮದಿಂದ ರಕ್ಷಣೆ ಇದೆ. ಸುಳ್ಳು ಮಾತು ಹುಟ್ಟಲು ಜಾಗವೇ ಇರುವುದಿಲ್ಲ.

ಅಂಕಪಟ್ಟಿ, ಫೀಸ್ ಬಾಕಿ, ಯಾರು ಹಾಜರಿಲ್ಲ ಅನ್ನೋ ಪಟ್ಟಿ ಇವೆಲ್ಲ ಗ್ರೂಪಿಗೆ ಹಾಕಬೇಡಿ. ಮಕ್ಕಳನ್ನು ಆಡಿಕೊಳ್ಳಲು ಸರಕು ಒದಗಿಸಿದ ಹಾಗಾಗುತ್ತದೆ.

ಹೆಜ್ಜೆ 4: ಫೋಟೊ, ಆಧಾರ್, ಒಟಿಪಿ

ಮಕ್ಕಳ ಫೋಟೊ ಹಾಕುವುದಕ್ಕೆ ಒಂದು ಸರಳ ನಿಯಮ ಮಾಡಿಕೊಳ್ಳಿ. ಮುಖ ಕಾಣುವ ಫೋಟೊ ಹಾಕಿದರೆ ಪೂರ್ತಿ ಹೆಸರು ಬೇಡ. ಹೆಸರು ಹಾಕಿದರೆ ಒಬ್ಬೊಬ್ಬರ ಮುಖದ ಹತ್ತಿರದ ಫೋಟೊ ಬೇಡ. ಡ್ಯಾನ್ಸ್ ಕಾರ್ಯಕ್ರಮದ ಫೋಟೊಗಳಲ್ಲಿ ಇನ್ನೂ ಜಾಸ್ತಿ ಎಚ್ಚರ ಇರಲಿ. ಈಗ ಒಂದು ಮುಖ ಸಿಕ್ಕರೆ ಸಾಕು, ಎಐ ಆ್ಯಪ್‌ಗಳಲ್ಲಿ ಅದನ್ನು ಯಾವ ದೇಹಕ್ಕೆ ಬೇಕಾದರೂ ಅಂಟಿಸುತ್ತಾರೆ. ದಾಖಲಾತಿ ಸಮಯದಲ್ಲೇ ಪೋಷಕರಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಬೇಡ ಅಂದವರ ಮಗುವನ್ನು ವೇದಿಕೆಯಿಂದ ದೂರ ಇಡಬೇಡಿ, ಫೋಟೊದಿಂದ ಮಾತ್ರ ಹೊರಗಿಡಿ. 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ.

ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳನ್ನು ಗ್ರೂಪಿಗೆ ಹಾಕಿ ಅನ್ನಬೇಡಿ. ಆಫೀಸಿಗೆ ತಂದು ಕೊಡಲಿ, ಇಲ್ಲವೇ ಒಬ್ಬರಿಗೆ ಮಾತ್ರ ಕಳಿಸಲಿ. ಕೆಲಸ ಮುಗಿದ ಮೇಲೆ ಫೋನಿನಿಂದ ಅಳಿಸಿ. ಟ್ಯಾಲೆಂಟ್ ಟೆಸ್ಟ್ ಅಂತ ಯಾರೋ ಕಳಿಸುವ ಗೂಗಲ್ ಫಾರ್ಮ್‌ಗಳಲ್ಲಿ ಇಡೀ ಕ್ಲಾಸಿನ ಫೋನ್ ನಂಬರ್ ತುಂಬಿಸಬೇಡಿ. ಆಮೇಲೆ ಕೋಚಿಂಗ್‌ನವರ ಫೋನು ನಿಲ್ಲುವುದೇ ಇಲ್ಲ.

ಒಟಿಪಿ ವಿಷಯದಲ್ಲಿ ನಾವು ಶಾಲೆಯವರೇ ಮಕ್ಕಳಿಗೆ ತಪ್ಪು ಕಲಿಸುತ್ತಿದ್ದೇವೆ. ಬೆಳಿಗ್ಗೆ ಪಾಠದಲ್ಲಿ ಒಟಿಪಿ ಯಾರಿಗೂ ಹೇಳಬೇಡಿ ಅನ್ನುತ್ತೇವೆ. ಮಧ್ಯಾಹ್ನ ಯಾವುದೋ ಅರ್ಜಿ ತುಂಬಲು ಮನೆಗೆ ಫೋನ್ ಮಾಡಿ, ಈಗೊಂದು ಒಟಿಪಿ ಬಂತಲ್ಲ ಹೇಳಿ ಅನ್ನುತ್ತೇವೆ. ನಾಳೆ ಬೇರೆ ಯಾರೋ ಶಾಲೆಯಿಂದ ಮಾತಾಡ್ತಿದೀವಿ ಅಂದರೆ ಆ ತಾಯಿ ಹೇಳಿಬಿಡುವುದಿಲ್ಲವೇ? ಅಂಥ ಕೆಲಸಕ್ಕೆ ಒಂದು ದಿನ ಗೊತ್ತು ಮಾಡಿ, ಪೋಷಕರು ಫೋನ್ ಹಿಡಿದು ಶಾಲೆಗೇ ಬರಲಿ.

ಹೆಜ್ಜೆ 5: ಮಕ್ಕಳಿಗೆ ಕಲಿಸುವುದು

ವರ್ಷಕ್ಕೊಮ್ಮೆ ಯಾರನ್ನೋ ಕರೆಸಿ ಎರಡು ಗಂಟೆ ಭಾಷಣ ಮಾಡಿಸಿದರೆ ಫೋಟೊ ಬರುತ್ತದೆ, ಪಾಠ ತಲೆಗೆ ಹೋಗುವುದಿಲ್ಲ. ಅದಕ್ಕಿಂತ ತಿಂಗಳಿಗೊಂದು ಪಿರಿಯಡ್ ಒಳ್ಳೆಯದು. ಐದನೇ ಕ್ಲಾಸಿನವರೆಗಿನ ಮಕ್ಕಳಿಗೆ ಎರಡೇ ಮಾತು ಸಾಕು: ಪರದೆಯಲ್ಲಿ ಹೆದರಿಕೆ ಆಗುವಂಥದ್ದು ಬಂದರೆ ಫೋನ್ ಕೆಳಗಿಟ್ಟು ದೊಡ್ಡವರನ್ನು ಕರಿ, ಹೆಸರು, ಮನೆ, ಶಾಲೆ ಯಾರಿಗೂ ಹೇಳಬೇಡ.

ಆರರಿಂದ ಮೇಲೆ ಅವರಿಗೆ ಮೋಸ ಹೇಗೆ ನಡೆಯುತ್ತದೆ ಅನ್ನೋದನ್ನು ಬಿಡಿಸಿ ತೋರಿಸಬೇಕು. ಫ್ರೀ ಫೈರ್‌ನಂಥ ಆಟದಲ್ಲಿ ಒಬ್ಬ ಪರಿಚಯ ಆಗುತ್ತಾನೆ. ಚೆನ್ನಾಗಿ ಆಡ್ತೀಯ ಅಂತ ಹೊಗಳುತ್ತಾನೆ, ಡೈಮಂಡ್ (ಆಟದೊಳಗಿನ ದುಡ್ಡು) ಕೊಡಿಸುತ್ತಾನೆ. ಆಮೇಲೆ ಇನ್‌ಸ್ಟಾಗ್ರಾಮ್‌ಗೆ ಬಾ, ವಾಟ್ಸಾಪ್ ನಂಬರ್ ಕೊಡು ಅನ್ನುತ್ತಾನೆ. ಮನೆಯಲ್ಲಿ ಹೇಳಬೇಡ ಅನ್ನುತ್ತಾನೆ. ಒಂದು ಫೋಟೊ ಕೇಳುತ್ತಾನೆ. ಸಿಕ್ಕ ಮೇಲೆ ಬೆದರಿಕೆ. ಈ ಸಾಲನ್ನು ಬೋರ್ಡ್ ಮೇಲೆ ಬರೆದು, ಎಲ್ಲಿಗೆ ಬಂದಾಗ ನಿಮಗೆ ಅನುಮಾನ ಬರಬೇಕಿತ್ತು ಅಂತ ಕೇಳಿ. ಮಕ್ಕಳು ಜಗಳವಾಡಿಕೊಂಡು ಉತ್ತರ ಹೇಳುತ್ತಾರೆ. ಮನೆಯಲ್ಲಿ ಹೇಳಬೇಡ ಅನ್ನೋ ಮಾತು ಬಂದ ಕ್ಷಣವೇ ಮನೆಯಲ್ಲಿ ಹೇಳಬೇಕು ಅಂತ ಅವರ ಬಾಯಿಂದಲೇ ಬರಲಿ.

ಇದು ಹುಡುಗಿಯರ ಪಾಠ ಅಂತ ಹುಡುಗರನ್ನು ಹೊರಗೆ ಕಳಿಸಬೇಡಿ. ವಿಡಿಯೊ ಕಾಲ್ ರೆಕಾರ್ಡ್ ಮಾಡಿಕೊಂಡು ದುಡ್ಡು ಕೇಳುವವರ ಬಲೆಗೆ ಹುಡುಗರೂ ಬೀಳುತ್ತಾರೆ, ಅವರಿಗೆ ಹೇಳಿಕೊಳ್ಳಲು ಇನ್ನೂ ನಾಚಿಕೆ. ಗೆಳತಿಯ ಫೋಟೊ ಎಡಿಟ್ ಮಾಡಿ ತಮಾಷೆಗೆ ಹಂಚುವುದು ಅಪರಾಧ ಅನ್ನೋದೂ ಇಬ್ಬರಿಗೂ ಗೊತ್ತಾಗಬೇಕು. ಮಕ್ಕಳ ಅಶ್ಲೀಲ ಚಿತ್ರ ಮಾಡುವುದು, ಹಂಚುವುದು ಐಟಿ ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರವೂ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ ಪ್ರಕಾರವೂ ಶಿಕ್ಷಾರ್ಹ.

ಮಾತಿನ ಜೊತೆ ಕೈಯಿಂದಲೂ ಮಾಡಿಸಿ. ವಾಟ್ಸಾಪ್‌ನಲ್ಲಿ ನನ್ನನ್ನು ಗ್ರೂಪಿಗೆ ಸೇರಿಸಬಹುದಾದವರು ಅನ್ನೋ ಕಡೆ ಮೈ ಕಾಂಟ್ಯಾಕ್ಟ್ಸ್ ಇಡುವುದು, ಟೂ ಸ್ಟೆಪ್ ವೆರಿಫಿಕೇಶನ್‌ಗೆ ಆರು ಅಂಕಿಯ ಪಿನ್ ಹಾಕುವುದು ಪ್ರೊಜೆಕ್ಟರ್ ಮೇಲೆ ತೋರಿಸಿದರೆ ಹತ್ತು ನಿಮಿಷದ ಕೆಲಸ. ಇನ್‌ಸ್ಟಾಗ್ರಾಮ್ 2025ರ ಫೆಬ್ರುವರಿಯಿಂದ ಭಾರತದಲ್ಲೂ ಟೀನ್ ಅಕೌಂಟ್ ತಂದಿದೆ. ಅದು ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, 16ರ ಒಳಗಿನವರು ಸೆಟ್ಟಿಂಗ್ ಸಡಿಲಿಸಬೇಕಾದರೆ ಪೋಷಕರ ಅನುಮತಿ ಬೇಕು. ಆದರೆ ಹುಟ್ಟಿದ ವರ್ಷ ಸುಳ್ಳು ಹಾಕಿದರೆ ಇದೆಲ್ಲ ಹೋಯಿತು. ಎಷ್ಟು ಜನ ಸುಳ್ಳು ಹಾಕಿದ್ದೀರಿ ಅಂತ ಕೈ ಎತ್ತಿಸಬೇಡಿ, ಬೈಯಲೂ ಬೇಡಿ. ಮನೆಗೆ ಹೋಗಿ ಸರಿಯಾದ ವಯಸ್ಸು ಹಾಕಿ, ಇಂಥಿಂಥ ಲಾಭ ಇದೆ ಅಂತ ಹೇಳಿ.

ದುಡ್ಡಿನ ವಿಷಯ ಎರಡು ಮಾತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಕಾನೂನು ನಿಷೇಧಿಸಿದೆ. ಇನ್ನು ಸ್ಕಾಲರ್‌ಶಿಪ್‌ಗೆ ಅಂತ ತೆರೆದ ಬ್ಯಾಂಕ್ ಖಾತೆಯನ್ನು ಕಮಿಷನ್ ಆಸೆಗೆ ಯಾರಿಗೂ ಬಳಸಲು ಕೊಡಬಾರದು. ಕಳ್ಳ ದುಡ್ಡು ಅದರಲ್ಲಿ ಹರಿದರೆ ಪೊಲೀಸರು ಮೊದಲು ಬರುವುದು ಖಾತೆ ಯಾರದೋ ಅವರ ಮನೆಗೆ.

ಹೆಜ್ಜೆ 6: ಯಾರಿಗೆ ಹೇಳಬೇಕು ಅನ್ನೋದು ಗೊತ್ತಿರಲಿ

ದೂರಿನ ಪೆಟ್ಟಿಗೆ ಇರಲಿ, ಆದರೆ ಅದು ಆಫೀಸಿನ ಎದುರು ಎಲ್ಲರ ಕಣ್ಣಿಗೆ ಬೀಳುವ ಕಡೆ ಬೇಡ. ಇಬ್ಬರು ಶಿಕ್ಷಕರನ್ನು ಗೊತ್ತು ಮಾಡಿ, ಒಬ್ಬರು ಮಹಿಳೆ. ಹಿರಿತನ ನೋಡಬೇಡಿ. ಮಕ್ಕಳು ಊಟದ ಹೊತ್ತಲ್ಲಿ ಯಾರ ಸುತ್ತ ಸೇರುತ್ತಾರೆ ನೋಡಿ, ಅವರೇ ಸರಿ.

ಪ್ರಾರ್ಥನೆ ಸಮಯದಲ್ಲಿ ಎಚ್‌ಎಂ ಮೂರು ಮಾತು ಬಾಯಿಬಿಟ್ಟು ಹೇಳಲಿ. ಆನ್‌ಲೈನ್ ತೊಂದರೆ ಹೇಳಿಕೊಂಡ ಮಗುವಿಗೆ ಶಾಲೆಯಲ್ಲಿ ಶಿಕ್ಷೆ ಇಲ್ಲ, ಅವರ ಕಡೆಯಿಂದ ತಪ್ಪಾಗಿದ್ದರೂ. ಮನೆಗೆ ತಿಳಿಸುವ ಮೊದಲು ಮಗುವಿಗೆ ತಿಳಿಸುತ್ತೇವೆ. ಮನೆಯವರು ಬಂದಾಗ ಜೊತೆಗೆ ಕೂರುತ್ತೇವೆ. ಯಾರಿಗೂ ಹೇಳೋದಿಲ್ಲ ಅಂತ ಮಾತ್ರ ಮಾತು ಕೊಡಬೇಡಿ. ಕಾನೂನು ಪ್ರಕಾರ ಕೆಲವನ್ನು ಹೇಳಲೇಬೇಕಾಗುತ್ತದೆ, ಮಾತು ತಪ್ಪಿದರೆ ಆ ಮಗು ಮತ್ತೆಂದೂ ಬರುವುದಿಲ್ಲ.

ಹೆಜ್ಜೆ 7: ಘಟನೆ ನಡೆದಾಗ

ಒಂಬತ್ತನೇ ಕ್ಲಾಸಿನ ಹುಡುಗಿ ಬಂದು, ಮಿಸ್, ಯಾರೋ ನನ್ನ ಫೋಟೊ ಕೆಟ್ಟದಾಗಿ ಮಾಡಿ ಕಳಿಸಿದಾರೆ ಅನ್ನುತ್ತಾಳೆ. ಆಗ ನಮ್ಮ ಬಾಯಿಗೆ ಮೊದಲು ಬರುವ ಮಾತು, ನೀನ್ಯಾಕೆ ಫೋಟೊ ಹಾಕಿದೆ? ಅದನ್ನು ನುಂಗಿಕೊಳ್ಳಿ. ಹೇಳಿದ್ದು ಒಳ್ಳೆಯದಾಯಿತು, ಇದು ನಿನ್ನ ತಪ್ಪಲ್ಲ ಪುಟ್ಟಾ, ನಾವು ನೋಡಿಕೊಳ್ಳುತ್ತೇವೆ ಅನ್ನಿ. ನೀರು ಕೊಡಿ. ಒಂದೇ ಸಲ ಕೇಳಿ. ಕ್ಲಾಸ್ ಟೀಚರ್ ಮುಂದೆ, ಎಚ್‌ಎಂ ಮುಂದೆ, ಎಸ್‌ಡಿಎಂಸಿ ಅಧ್ಯಕ್ಷರ ಮುಂದೆ ಅಂತ ಮತ್ತೆ ಮತ್ತೆ ಹೇಳಿಸಬೇಡಿ.

ಆಮೇಲಿನ ತಪ್ಪು ಇನ್ನೂ ದೊಡ್ಡದು. ಸಾಕ್ಷಿಗೆ ಇರಲಿ ಅಂತ ಆ ಚಿತ್ರವನ್ನು ಟೀಚರ್ ತಮ್ಮ ಫೋನಿಗೆ ಹಾಕಿಸಿಕೊಳ್ಳುವುದು, ಅಲ್ಲಿಂದ ಎಚ್‌ಎಂಗೆ ಕಳಿಸುವುದು, ಅವರು ಇನ್ನೊಬ್ಬರಿಗೆ. ಇದನ್ನು ಯಾವ ಕಾರಣಕ್ಕೂ ಮಾಡಬೇಡಿ. ಮಗುವಿನ ಅಂಥ ಚಿತ್ರ ಹಂಚುವುದು ಅಪರಾಧ. ಅಂಥದ್ದನ್ನು ಇಟ್ಟುಕೊಳ್ಳುವುದಕ್ಕೂ ಪೋಕ್ಸೋ 15ನೇ ಸೆಕ್ಷನ್ ಇದೆ, 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ಚಿತ್ರ ಬಂದ ಫೋನಿನಲ್ಲೇ ಇರಲಿ. ನೀವು ಕಾಗದದ ಮೇಲೆ ಬರೆದುಕೊಳ್ಳಿ: ಯಾವ ಆ್ಯಪ್, ಯಾವ ಖಾತೆಯ ಹೆಸರು, ಯಾವ ನಂಬರ್, ಯಾವ ದಿನ, ಎಷ್ಟು ಗಂಟೆ, ಲಿಂಕ್ ಇದ್ದರೆ ಲಿಂಕ್. ಹೆದರಿಕೆಗೆ ಚಾಟ್ ಅಳಿಸಲು ಬಿಡಬೇಡಿ. ದುಡ್ಡು ಕೇಳಿದರೆ ಕೊಡಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಬರೆದುಕೊಂಡ ಮೇಲೆ ಬ್ಲಾಕ್ ಮಾಡಿ.

ಲೈಂಗಿಕ ವಿಷಯ ಇದ್ದರೆ ಶಾಲೆಯೊಳಗೆ ವಿಚಾರಣೆ, ರಾಜಿ ಪಂಚಾಯಿತಿ ಇಲ್ಲ. ಪೋಕ್ಸೋ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ಅಥವಾ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು ಆಗಬಹುದು. ಆರೋಪ ಶಾಲೆಯ ಸಿಬ್ಬಂದಿ ಮೇಲೆಯೇ ಇದ್ದು ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ. ಶಾಲೆಯ ಮಾನ ಹೋಗುತ್ತದೆ ಅನ್ನೋದು ಇಲ್ಲಿ ಕಾರಣವೇ ಅಲ್ಲ.

ಎಲ್ಲಿಗೆ ಹೇಳಬೇಕು? ಹತ್ತಿರದ ಠಾಣೆ ಅಥವಾ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ. ತುರ್ತು ಇದ್ದರೆ 112. ಮಕ್ಕಳ ಸಹಾಯವಾಣಿ 1098. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲೂ ದೂರು ಕೊಡಬಹುದು, ಮಕ್ಕಳ ಲೈಂಗಿಕ ಚಿತ್ರಗಳ ವಿಷಯದಲ್ಲಿ ಹೆಸರು ಹೇಳದೆಯೂ ಕೊಡಬಹುದು. ಖಾತೆಯಿಂದ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳಿದರೆ ದುಡ್ಡು ಮುಂದಕ್ಕೆ ಹೋಗದಂತೆ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ.

ಠಾಣೆ ಅಂದರೆ ಪೋಷಕರು ಹಿಂಜರಿಯುತ್ತಾರೆ. ಅವರಿಗೆ ಇಷ್ಟು ತಿಳಿಸಿ: ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದ ಕಡೆಯೋ ಪಡೆಯಬೇಕು, ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ ಪಡೆಯಬೇಕು, ಆಗ ಅವರು ಸಮವಸ್ತ್ರದಲ್ಲಿ ಇರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವ ಹಾಗಿಲ್ಲ. ಮಗುವಿನ ಗುರುತು ಎಲ್ಲೂ ಹೊರಬೀಳಬಾರದು. ಇದೆಲ್ಲ ಪೋಕ್ಸೋ ಕಾಯ್ದೆಯಲ್ಲೇ ಇದೆ. ಸ್ಟಾಫ್ ರೂಮಿನ ಮಾತಿಗೂ ಕೊನೆಯ ನಿಯಮ ಅನ್ವಯ ಅಂತ ನೆನಪಿರಲಿ.

ಚಿತ್ರ ತೆಗೆಸಲು ಮೊದಲು ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ. ಜೊತೆಗೆ ಟೇಕ್ ಇಟ್ ಡೌನ್ ಅಂತ ಒಂದು ಉಚಿತ ಸೇವೆ ಇದೆ, 18 ವರ್ಷದೊಳಗೆ ತೆಗೆದ ಚಿತ್ರಗಳಿಗಾಗಿ. ಅಮೆರಿಕದ ಎನ್‌ಸಿಎಂಇಸಿ ಅನ್ನೋ ಮಕ್ಕಳ ರಕ್ಷಣೆಯ ಸಂಸ್ಥೆ ಇದನ್ನು ನಡೆಸುತ್ತದೆ. ಚಿತ್ರ ಫೋನ್ ಬಿಟ್ಟು ಹೋಗುವುದಿಲ್ಲ. ಅದರಿಂದ ಒಂದು ಸಂಕೇತ ಸಂಖ್ಯೆ ಮಾತ್ರ ಹೊರಟು, ಸೇವೆಗೆ ಸೇರಿದ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಮುಂತಾದವು ಅದೇ ಚಿತ್ರ ಬಂದರೆ ಹಿಡಿಯುತ್ತವೆ. ವಾಟ್ಸಾಪ್‌ನ ಖಾಸಗಿ ಮೆಸೇಜುಗಳಲ್ಲಿ ಇದು ನಡೆಯದು.

ಮಾಡಿದವನು ಪಕ್ಕದ ಬೆಂಚಿನ ಹುಡುಗನೇ ಆಗಿದ್ದರೆ? ಅವನೂ ಮಗುವೇ, ಅವನ ವಿಷಯ ಬಾಲನ್ಯಾಯ ಕಾಯ್ದೆಯ ದಾರಿಯಲ್ಲಿ ಹೋಗುತ್ತದೆ. ಟಿಸಿ ಕೊಟ್ಟು ಕಳಿಸಿದರೆ ಮುಂದಿನ ಶಾಲೆಗೆ ಅದೇ ತೊಂದರೆ ಸಾಗಿಸಿದ ಹಾಗೆ. ಇಬ್ಬರನ್ನೂ ಕ್ಲಾಸಿನ ಬೇರೆ ಬೇರೆ ಸೆಕ್ಷನ್‌ಗೆ ಹಾಕುವುದಾದರೆ ಅವನನ್ನು ಕಳಿಸಿ, ಅವಳನ್ನಲ್ಲ. ಬರೀ ಅಡ್ಡಹೆಸರು, ಮೀಮ್, ಗ್ರೂಪಿನಿಂದ ಹೊರಹಾಕುವಂಥ ಕಿರುಕುಳ ಆದರೆ ಶಾಲೆಯಲ್ಲೇ ಮುಗಿಸಬಹುದು. ಆದರೆ ಇಡೀ ಕ್ಲಾಸಿನ ಮುಂದೆ ನಿಲ್ಲಿಸಿ ಸಾರಿ ಹೇಳಿಸಬೇಡಿ. ಬೇರೆ ಬೇರೆ ಕೂರಿಸಿ ಮಾತಾಡಿ, ಎರಡು ವಾರ ಬಿಟ್ಟು ಮತ್ತೆ ವಿಚಾರಿಸಿ.

ಹಾಜರಿ ಮೇಲೆ ಕಣ್ಣಿಡಿ. ಮಗು ಊಟ ಬಿಟ್ಟರೆ, ಒಂಟಿಯಾಗಿ ಕೂತರೆ, ಸಾಯುವ ಮಾತಾಡಿದರೆ ಆ ದಿನವೇ ಪೋಷಕರನ್ನು ಕರೆಸಿ, ಒಂಟಿಯಾಗಿ ಬಿಡಬೇಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹೆಜ್ಜೆ 8: ಪೋಷಕರ ಸಭೆ

ಇಪ್ಪತ್ತು ನಿಮಿಷ ಸಾಕು. ಮೊದಲ ಮಾತು ಸೆಟ್ಟಿಂಗ್ ಬಗ್ಗೆ ಬೇಡ. ನಿಮ್ಮ ಮಗು ಬಂದು ಹೇಳಿದ ದಿನ ಫೋನ್ ಕಿತ್ತುಕೊಳ್ಳಬೇಡಿ, ಹೊಡೆಯಬೇಡಿ, ಸ್ಕೂಲು ಬಿಡಿಸಬೇಡಿ ಅಂತ ಕೇಳಿಕೊಳ್ಳಿ. ಆಮೇಲೆ ಎರಡು ಕೆಲಸ: ಅಪ್ಪನ ಫೋನಿನಲ್ಲಿ ಮಗು ಆಡುವುದಾದರೆ ಯುಪಿಐ ಆ್ಯಪ್‌ಗೆ ಬೇರೆ ಲಾಕ್, ಯುಪಿಐ ಪಿನ್ ಮಗುವಿಗೆ ಗೊತ್ತಿರಬಾರದು. ಮಗುವಿಗೇ ಫೋನ್ ಕೊಟ್ಟಿದ್ದರೆ ಮಗುವಿನ ಫೋನ್ ಬಳಕೆಯನ್ನು ಪೋಷಕರು ನಿಯಂತ್ರಿಸುವ ಗೂಗಲ್ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿಕೊಳ್ಳಿ. ಬರದಿದ್ದರೆ ಲ್ಯಾಬ್ ಟೀಚರ್ ಹತ್ತಿರ ಫೋನ್ ತನ್ನಿ ಅನ್ನಿ. ರಾತ್ರಿ ಫೋನ್ ಹಾಲ್‌ನಲ್ಲಿ ಚಾರ್ಜ್ ಆಗಲಿ, ಅಪ್ಪ ಅಮ್ಮಂದೂ ಸೇರಿ. ಈ ಕೊನೆಯದನ್ನು ಹೇಳಿದಾಗ ಸಭೆಯಲ್ಲಿ ನಗು ಏಳುತ್ತದೆ, ಏಳಲಿ ಬಿಡಿ.

ಪ್ರತಿ ಜೂನ್‌ನಲ್ಲಿ

ಮೊದಲ ಹೆಜ್ಜೆಯ ನೋಟ್‌ಬುಕ್ ಮತ್ತೆ ತೆರೆಯಿರಿ. ವೈಫೈ, ರೌಟರ್, ಲ್ಯಾಬ್ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಹಿಂದಿನ ವರ್ಷದ ಕ್ಲಾಸ್ ಗ್ರೂಪುಗಳನ್ನು ಮುಚ್ಚಿ, ಸುಮ್ನೆ ಹೆಸರು ಬದಲಿಸಿ ಮುಂದುವರಿಸಬೇಡಿ. ವರ್ಗವಾಗಿ ಹೋದವರು, ಗೆಸ್ಟ್ ಟೀಚರ್ ಆಗಿದ್ದವರು ಇನ್ನೂ ಯಾವುದಾದರೂ ಗ್ರೂಪಿಗೆ, ಫೇಸ್‌ಬುಕ್ ಪುಟಕ್ಕೆ ಅಡ್ಮಿನ್ ಆಗಿದ್ದಾರಾ ನೋಡಿ ತೆಗೆಯಿರಿ. ದೂರು ಕೇಳುವ ಇಬ್ಬರು ಶಿಕ್ಷಕರಲ್ಲಿ ಯಾರಾದರೂ ವರ್ಗವಾಗಿದ್ದರೆ ಹೊಸಬರ ಹೆಸರನ್ನು ಮೊದಲ ವಾರದ ಪ್ರಾರ್ಥನೆಯಲ್ಲೇ ಹೇಳಿಬಿಡಿ.